ಮರಗಸಿ ಮಾಡಿಸಿದ ಮೇಲೆ ಬೋರರ್ ಏಕೆ ಹೆಚ್ಚಿತು? – ಕಾಫಿ ಬೆಳೆಗಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹದಿನೆಂಟು ವರ್ಷದ ಅರೇಬಿಕಾ ತೋಟ, ತಳಿ ಎಸ್.795. ಬೆಳಕು ಬಿದ್ದರೆ ಫಸಲು ಹೆಚ್ಚುತ್ತದೆಂದು ಎರಡು ವರ್ಷದ ಹಿಂದೆ ಮರಗಸಿಯನ್ನು (ನೆರಳಿನ ಮರಗಳ ಕೊಂಬೆ ಕಡಿಸುವುದು) ಸ್ವಲ್ಪ ಬಿರುಸಾಗಿಯೇ ಮಾಡಿಸಿದೆವು. ಒಂದು ಫಸಲು ಚೆನ್ನಾಗಿಯೇ ಬಂತು. ಈಗ ನೋಡಿದರೆ ಸಾಲು ಸಾಲು ಬೋರರ್ ಗಿಡ. ಕಾಂಡಕ್ಕೆ ಸುಣ್ಣ ಹೊಡೆಸಿದರೂ ನಿಂತಿಲ್ಲ. ತಪ್ಪಿದ್ದೆಲ್ಲಿ? – ಮೂಡಿಗೆರೆ

ಉತ್ತರ: ತಪ್ಪು ಮರಗಸಿಯಿಂದಲೇ ಶುರುವಾಗಿದೆ. ನೀವು ಬೋರರ್ ಎನ್ನುವ ಬಿಳಿ ಕಾಂಡಕೊರಕದ ದುಂಬಿ ಬಿಸಿಲಿನ ಜೀವಿ. ಬಿಸಿಲೇರಿದ ಹೊತ್ತಿನಲ್ಲಿ ಹಾರಾಡುತ್ತದೆ, ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿ ತೊಗಟೆಯ ಸಂದಿನಲ್ಲಿ ಮೊಟ್ಟೆಯಿಡುತ್ತದೆ. ನೀವು ನೆರಳು ತೆಗೆದು ಅದಕ್ಕೆ ಬಾಗಿಲು ತೆರೆದಿದ್ದೀರಿ. ಮೊದಲ ವರ್ಷದ ಒಳ್ಳೆಯ ಫಸಲು ಕಣ್ಣಿಗೆ ಬಿತ್ತು. ಕಾಂಡದೊಳಗೆ ನಡೆಯುತ್ತಿದ್ದದ್ದು ಬೀಳಲಿಲ್ಲ.

ದುಂಬಿ ಹಾರುವುದು ವರ್ಷಕ್ಕೆರಡು ಸಲ: ಏಪ್ರಿಲ್–ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಮೊಟ್ಟೆ 8–10 ದಿನದಲ್ಲಿ ಒಡೆಯುತ್ತದೆ. ಮರಿಹುಳು ಸುಮಾರು ಎರಡು ತಿಂಗಳು ತೊಗಟೆಯಡಿಯಲ್ಲೇ ಮೇಯುತ್ತದೆ. ಆಗ ಕಾಂಡದ ಮೇಲೆ ಅಂಗೈ ಸವರಿದರೆ ಒಳಗಿಂದ ಹುರಿ ಸುತ್ತಿದಂತೆ ಉಬ್ಬುಗೆರೆ ತಗಲುತ್ತದೆ. ಆಮೇಲೆ ಹುಳು ಗಟ್ಟಿ ಮರಕ್ಕೆ ಇಳಿಯುತ್ತದೆ, ಕೊರೆದ ಸುರಂಗವನ್ನು ತನ್ನ ಹಿಕ್ಕೆ-ಹೊಟ್ಟಿನಿಂದಲೇ ಬಿಗಿಯಾಗಿ ತುಂಬಿಕೊಂಡು ಮುಂದೆ ಸಾಗುತ್ತದೆ. ಅದಕ್ಕೇ ತೂತಿಗೆ ಔಷಧಿ ಸುರಿದು ಫಲವಿಲ್ಲ, ಹುಳು ಇರುವ ಕಡೆಗೆ ಅದು ತಲುಪುವುದಿಲ್ಲ. ಕಾಂಡದ ಮೇಲೆ ದುಂಡಗಿನ ತೂತು ಕಂಡರಂತೂ ದುಂಬಿ ಹೊರಬಿದ್ದು ಹೋಗಿಯಾಗಿದೆ.

ಇನ್ನು ಸುಣ್ಣದ ಮಾತು. ಸುಣ್ಣ ಹುಳುವನ್ನು ಕೊಲ್ಲುವುದಿಲ್ಲ. ತೊಗಟೆಯ ಸಂದು ಮುಚ್ಚಿ ಮೊಟ್ಟೆಗೆ ಜಾಗ ಸಿಗದಂತೆ ಮಾಡುತ್ತದೆ, ಅಷ್ಟೆ. ಆದ್ದರಿಂದ ದುಂಬಿ ಹಾರುವ ಮೊದಲೇ ಅದು ಕಾಂಡದ ಮೇಲಿರಬೇಕು. ಅಳತೆ ಶೇ. 10: 200 ಲೀಟರ್ ನೀರಿಗೆ 20 ಕೆ.ಜಿ. ಸ್ಪ್ರೇ ಸುಣ್ಣ. ನೀರಿನಲ್ಲಿ ಬೆರೆಯುವ ಸಿಂಥೆಟಿಕ್ ಗೋಂದು 2 ಲೀಟರ್ ಸೇರಿಸಿ. ಅಕ್ಟೋಬರ್‌ನಲ್ಲಿ ಹಿಂಗಾರು ಒಂದು ಸಲ ಜೋರಾಗಿ ಹೊಯ್ದರೆ ಗೋಂದಿಲ್ಲದ ಸುಣ್ಣ ಗಿಡದ ಬುಡಕ್ಕಿಳಿದಿರುತ್ತದೆ. ಹೊಡೆಯುವ ಮುಂಚೆ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಕೈಗವಸಿನಲ್ಲಿ ಉಜ್ಜಿ ತೆಗೆಸಿ. ಕತ್ತಿಯಲ್ಲಿ ಕೆರೆಸಬೇಡಿ, ಹಸಿರು ತೊಗಟೆ ಗಾಯವಾದರೆ ಗಿಡ ಬೇರೆ ರೀತಿಯಲ್ಲಿ ಹಾಳು. ಆಳುಗಳು ಸಾಮಾನ್ಯವಾಗಿ ಬಿಡುವ ಜಾಗ ಎರಡು: ಮಣ್ಣಿಗೆ ತಾಗಿದ ಬುಡ, ಮತ್ತು ದಪ್ಪ ರೆಂಬೆಗಳ ಅಡಿಭಾಗ. ದುಂಬಿ ಬಿಡುವುದಿಲ್ಲ.

ಬೋರರ್ ಗಿಡ ಗುರುತಿಸುವ ಕೆಲಸ ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಆಗಬೇಕು. ಗುರುತಾದ ಗಿಡವನ್ನು ನೆಲಮಟ್ಟಕ್ಕೆ ಕಡಿದರೆ ಸಾಲದು. ಹುಳು ಬೇರಿಗೂ ಇಳಿದಿರುತ್ತದೆ, ಕಿತ್ತೇ ತೆಗೆಯಿರಿ, ಕೂಡಲೇ ಸುಡಿ. ಕಾಫಿ ಸೌದೆ ಚೆನ್ನಾಗಿ ಉರಿಯುತ್ತದೆಂದು ಆಳುಗಳ ಲೈನ್ ಮನೆ ಹಿಂದೆ ಒಟ್ಟಿದರೆ ಏಪ್ರಿಲ್‌ನಲ್ಲಿ ಅಲ್ಲಿಂದಲೇ ದುಂಬಿ ಹೊರಡುತ್ತದೆ. ಸೌದೆಗೆ ಬೇಕೇ ಬೇಕಾದರೆ 7–10 ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟು ಆಮೇಲೆ ಒಣಗಿಸಿ.

ಫೆರಮೋನ್ ಬಲೆ ಎಕರೆಗೆ 10ರಂತೆ ಕಟ್ಟಬಹುದು. ಈ ಕೀಟದಲ್ಲಿ ವಾಸನೆ ಬಿಟ್ಟು ಕರೆಯುವುದು ಗಂಡು, ಬಲೆಗೆ ಬರುವುದು ಹೆಣ್ಣು. ಹಾರಾಟ ಯಾವಾಗ ಶುರುವಾಯಿತೆಂದು ತಿಳಿಯಲು ಬಲೆ ಬಹಳ ಒಳ್ಳೆಯದು. ಬಲೆ ಕಟ್ಟಿದೆವೆಂದು ಗಿಡ ನೋಡುವುದನ್ನು ನಿಲ್ಲಿಸಿದರೆ ಕೆಟ್ಟಿರಿ.

ನೆರಳು ಮತ್ತೆ ಬರಬೇಕಲ್ಲ? ಮುಂಗಾರು ಹಿಡಿದ ಮೇಲೆ ಜೂನ್‌ನಲ್ಲಿ 2 ಮೀಟರ್ ಉದ್ದದ ಹಾಲುವಾಣದ ಗೂಟ ನೆಡಿ. ಬೇಗ ಸೊಪ್ಪು ಬಿಡುತ್ತದೆ. ಅದು ಕೆಳಗಿನ ನೆರಳು. ಮೇಲಿನ ನೆರಳಿಗೆ ಅತ್ತಿ, ಬಸರಿ, ಗೋಣಿ, ನೇರಳೆ, ಹಲಸು. ಬರೀ ಸಿಲ್ವರ್ ಓಕ್ ನೆಟ್ಟರೆ ಮೆಣಸಿನ ಬಳ್ಳಿಗೆ ಕಂಬ, ಮುಂದೆ ಮರದ ದುಡ್ಡು ಸಿಗುತ್ತದೆ. ಅರೇಬಿಕಾಕ್ಕೆ ಬೇಕಾದ ಹರಡಿದ ನೆರಳು ಸಿಗುವುದಿಲ್ಲ. ದಕ್ಷಿಣ ಮತ್ತು ಪಶ್ಚಿಮಕ್ಕೆ ಮುಖಮಾಡಿದ ಇಳಿಜಾರಿನ ಖಾಲಿ ಜಾಗಗಳನ್ನು ಮೊದಲು ತುಂಬಿಸಿ.

ಪ್ರಶ್ನೆ: ರೊಬಸ್ಟಾಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡುತ್ತೇವೆ. ಹೂ ಬೆಳ್ಳಗೆ ಅರಳುತ್ತದೆ, ಆದರೆ ಗೊಂಚಲಿನಲ್ಲಿ ಕಾಯಿ ವಿರಳ. – ಸಿದ್ದಾಪುರ, ಕೊಡಗು

ಉತ್ತರ: ಅರೇಬಿಕಾ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಅದು ಆಗದು, ಇನ್ನೊಂದು ಗಿಡದ ಪರಾಗ ಬರಲೇಬೇಕು. ಗಾಳಿ ತರುತ್ತದೆ, ಜೇನು ತರುತ್ತದೆ. ಕೊಡಗಿನ ರೊಬಸ್ಟಾ ತೋಟಗಳಲ್ಲೇ ನಡೆದ ಅಧ್ಯಯನದಲ್ಲಿ ಈ ಕೆಲಸಕ್ಕೆ ಎಲ್ಲಕ್ಕಿಂತ ಸಮರ್ಥವೆಂದು ಕಂಡದ್ದು ಹೆಜ್ಜೇನು. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಎತ್ತರದ ಮರದ ಕೊಂಬೆ ಬೇಕು. ದೇವರಕಾಡು ಹತ್ತಿರವಿದ್ದರೆ ಅದೃಷ್ಟ. ಇಲ್ಲದಿದ್ದರೆ ತೋಟದ ದೊಡ್ಡ ಕಾಡುಮರಗಳನ್ನಾದರೂ ಉಳಿಸಿಕೊಳ್ಳಿ, ಜೊತೆಗೆ ತುಡುವೆ ಜೇನಿನ ಪೆಟ್ಟಿಗೆಗಳನ್ನಿಡಿ.

ನಿಮ್ಮಲ್ಲಿ ಮೊದಲು ನೋಡಬೇಕಾದದ್ದು ಗಿಡಗಳ ಮೂಲ. ಒಂದೇ ತಾಯಿಗಿಡದಿಂದ ಕಸಿ ಮಾಡಿದ ಸಿ×ಆರ್ ಎಂಬ ರೊಬಸ್ಟಾ ಸಂಕರ ತಳಿಯ ಗಿಡಗಳಷ್ಟೇ ಒಂದು ತಾಕಿನಲ್ಲಿದ್ದರೆ, ಸಾವಿರ ಗಿಡವಿದ್ದರೂ ಪರಾಗದ ಲೆಕ್ಕಕ್ಕೆ ಒಂದೇ ಗಿಡ. ನಡುವೆ ಬೀಜದಿಂದ ಬಂದ ಎಸ್.274 ರೊಬಸ್ಟಾ ತಳಿ ಸೇರಿಸಿ.

ಎರಡನೆಯದು ನೀರಿನ ಅಳತೆ. ಹೂವಿನ ನೀರು ಒಂದೂವರೆ ಇಂಚು, ಅಂದರೆ ಸುಮಾರು 38 ಮಿ.ಮೀ. ಬೀಳಬೇಕು. ಪಂಪ್ ಎಷ್ಟು ಗಂಟೆ ಓಡಿತೆಂದು ಲೆಕ್ಕ ಹಾಕಬೇಡಿ. ನೇರ ಬದಿಯ ನಾಲ್ಕೈದು ಖಾಲಿ ಡಬ್ಬಿಗಳನ್ನು ಜೆಟ್‌ನಿಂದ ಬೇರೆ ಬೇರೆ ದೂರದಲ್ಲಿಟ್ಟು ಸ್ಕೇಲಿನಲ್ಲಿ ಅಳೆಯಿರಿ. ನೀರು ಅರೆಬರೆಯಾದರೆ ಮೊಗ್ಗು ಪೂರ್ತಿ ಬಿರಿಯದೆ ಗಿಡ್ಡ ಎಸಳಿನ ನಕ್ಷತ್ರದಂಥ ಹೂವಾಗಿ ನಿಲ್ಲುತ್ತದೆ, ಅದು ಕಾಯಿ ಕಟ್ಟುವುದಿಲ್ಲ. ನೀರು ಕೊಟ್ಟ ಏಳೆಂಟನೇ ದಿನ ಹೂ ಬಿಡುತ್ತದೆ. ಆ ಬೆಳಗ್ಗೆ ಪಕ್ಕದ ತಾಕಿಗೆ ಜೆಟ್ ತಿರುಗಿಸಿ ಹೂ ನೆನೆಸಿದರೆ ಪರಾಗ ತೊಳೆದು ಹೋಯಿತು. ಕೀಟನಾಶಕ ಹೊಡೆದರೆ ಜೇನೇ ಹೋಯಿತು. ಬ್ಯಾಕಿಂಗ್ ನೀರು, ಅಂದರೆ ಹೂವಾದ ಮೇಲಿನ ಎರಡನೇ ನೀರು, ಮುಕ್ಕಾಲರಿಂದ ಒಂದು ಇಂಚು, 15–20 ದಿನದ ನಂತರ. ಸಾಧ್ಯವಿದ್ದರೆ ನೆರೆಯವರೊಡನೆ ಮಾತಾಡಿಕೊಂಡು ಒಬ್ಬೊಬ್ಬರು ಬೇರೆ ಬೇರೆ ದಿನ ನೀರು ಕೊಡಿ. ಊರಿಗೂರೇ ಒಂದೇ ದಿನ ಅರಳಿದರೆ ಇರುವಷ್ಟು ಜೇನು ಎಷ್ಟು ತೋಟಕ್ಕೆ ಹೋದೀತು?

ಪ್ರಶ್ನೆ: ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಮೇಲೆ ಎಲೆ ಸುಟ್ಟಂತಾಗಿದೆ. ಎಲೆ ತುಕ್ಕುರೋಗವೂ ಹೋಗಿಲ್ಲ. – ಸಕಲೇಶಪುರ

ಉತ್ತರ: ಹಳೆಯ ಸುಣ್ಣ ಬಳಸಿರಬೇಕು. ಗಾಳಿಯಾಡಿದ ಸುಣ್ಣ ಸೀಮೆಸುಣ್ಣದಂತಾಗಿ ಮೈಲುತುತ್ತವನ್ನು ಹಿಡಿದಿಡುವುದಿಲ್ಲ. ಬಿಡಿಯಾಗಿ ಉಳಿದ ತಾಮ್ರ ಎಲೆ ಸುಡುತ್ತದೆ. ಶೇ. 0.5ರ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 200 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 100 ಲೀಟರ್ ನೀರಿಗೆ ಕರಗಿಸಿ ಸೋಸಿ, ಮೂರನೆಯದಕ್ಕೆ ಒಟ್ಟೊಟ್ಟಿಗೆ ಸುರಿಯುತ್ತಾ ಕದಡಿ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿ ಹೊಳೆಯುವಂತೆ ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಮಾಡಿದ ದಿನವೇ ಖಾಲಿ ಮಾಡಬೇಕು.

ರೋಗ ಹೋಗದಿರಲು ಕಾರಣ ಸ್ಪ್ರೇ ಗನ್ ಹಿಡಿಯುವ ರೀತಿ. ತುಕ್ಕಿನ ಶಿಲೀಂಧ್ರ ಎಲೆಯ ಅಡಿಭಾಗದ ರಂಧ್ರಗಳಿಂದ ಒಳಹೊಗುತ್ತದೆ, ದ್ರಾವಣವೂ ಅಡಿಗೇ ತಾಗಬೇಕು. ಮಳೆಗೆ ಮುಂಚೆ ಮೇ–ಜೂನ್‌ನಲ್ಲೊಮ್ಮೆ, ಮಳೆ ಇಳಿದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ. ಕೊಳೆರೋಗವಿರುವ ತಗ್ಗಿನಲ್ಲಿ ಮಳೆಗೆ ಮುಂಚಿನದನ್ನು ಶೇ. 1ಕ್ಕೆ ಏರಿಸಿ, ಗಿಡದ ನಡುಭಾಗ ಬಿಡಿಸಿ ಗಾಳಿಯಾಡಿಸಿ. (ಕೊಳೆರೋಗ ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರು ಕೊಳೆರೋಗ ನಾಕ್ಸಿಯಾ. ನಮ್ಮ ತೋಟದ ಮಾತೇ ಲ್ಯಾಟಿನ್ ಪಟ್ಟಿ ಸೇರಿದೆ.)

ಪ್ರಶ್ನೆ: ಹೊಸದಾಗಿ ನೆಡಲು ಎಸ್.795 ಒಳ್ಳೆಯದೋ ಚಂದ್ರಗಿರಿಯೋ? – ಕೊಪ್ಪ

ಉತ್ತರ: ಎರಡೂ ನಿಮ್ಮ ಪಕ್ಕದ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ತಳಿಗಳೇ. 1925ರಲ್ಲಿ ಮೈಸೂರು ಸರ್ಕಾರ ಶುರುಮಾಡಿದ ಕೇಂದ್ರ ಅದು. ಎಸ್.795 ಅಲ್ಲಿಂದ 1940ರ ದಶಕದಲ್ಲಿ ಬಂತು, ಎಸ್.288 ಮತ್ತು ಕೆಂಟ್ಸ್ ತಳಿಗಳ ಸಂಕರ. ರುಚಿಗೆ ಇಂದಿಗೂ ಹೆಸರು, ತುಕ್ಕುರೋಗ ತಡೆಯುವ ಶಕ್ತಿ ಮಾತ್ರ ಕುಗ್ಗಿದೆ. 2007ರ ಚಂದ್ರಗಿರಿ ಕುಳ್ಳ, ತುಕ್ಕಿಗೆ ಗಟ್ಟಿ, ಬೇಗ ಫಸಲು. ಗೊಬ್ಬರಕ್ಕೆ ಕೈ ಬಿಗಿಹಿಡಿದರೆ ಕಾಯಿಯ ಭಾರಕ್ಕೆ ರೆಂಬೆ ತುದಿಯಿಂದ ಒಣಗುತ್ತದೆ. ಬೋರರ್ ಎರಡಕ್ಕೂ ಬರುತ್ತದೆ. ಔಷಧಿ ಹೊಡೆಸಲು ಆಳು ಸಿಗದ ಕಡೆ ಚಂದ್ರಗಿರಿ ನೆಡಿ.

ಪ್ರಶ್ನೆ: ಒಣಗಿಸಿಟ್ಟ ರೊಬಸ್ಟಾ ಚೆರಿಯಲ್ಲಿ (ಸಿಪ್ಪೆ ಸಹಿತ ಒಣಗಿಸಿದ ಇಡೀ ಕಾಯಿ) ಕಾಯಿಕೊರಕ ಬಂದಿದೆ. – ವಿರಾಜಪೇಟೆ

ಉತ್ತರ: ಹುಳು ತೋಟದಿಂದಲೇ ಬಂದಿದೆ, ಒಣಗು ಸಾಲದ್ದರಿಂದ ಬದುಕಿದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ದೇಶದಲ್ಲೇ ಮೊದಲು ಕಂಡ ಕೀಟ ಇದು. ಕಾಯಿಯ ಹೊಕ್ಕುಳಲ್ಲಿ ಸೂಜಿಮೊನೆಯಷ್ಟು ತೂತು ಇದರ ಗುರುತು. ಕುಯ್ಲಿನ ಹೊತ್ತಿಗೆ ಗಿಡದಡಿ ಚಾಪೆ ಹಾಸಿ, ಗಿಡದಲ್ಲಿ ಉಳಿದದ್ದನ್ನೂ ನೆಲಕ್ಕೆ ಉದುರಿದ್ದನ್ನೂ ಆರಿಸಿ, ಹುಳುಕು ಕಾಯಿಯನ್ನು ಕುದಿಯುವ ನೀರಿನಲ್ಲಿ 2–3 ನಿಮಿಷ ಅದ್ದಿ ಒಣಹಾಕಿ. ರೊಬಸ್ಟಾ ಚೆರಿಯ ತೇವ ಶೇ. 11ಕ್ಕೆ, ಅರೇಬಿಕಾ ಚೆರಿಯದು 10.5ಕ್ಕೆ, ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್‌ನದು 10ಕ್ಕೆ ಇಳಿದರೆ ಹುಳು ಬೆಳೆಯದು. ಕಣದಲ್ಲಿ 8 ಸೆಂ.ಮೀ.ಗಿಂತ ದಪ್ಪ ಹರಡಬೇಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿ. ಮೀಟರ್ ಇಲ್ಲದಿದ್ದರೆ ರಾಶಿಯ ನಡುವಿನಿಂದ ಒಂದು ಹಿಡಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ: ಗಲಗಲ ಎನ್ನಬೇಕು. ಒಂದೆರಡು ಕಾಯಿ ಸುಮ್ಮನಿದ್ದರೂ ಇನ್ನೊಂದು ದಿನ ಬಿಸಿಲಿಗೆ ಬಿಡಿ.