ತಾಯಿ ಕಾರ್ಡ್ ಹಿಡಿದ ಅಪ್ಪ

ಪ್ರಶ್ನೆ: ನಮಸ್ಕಾರ ಸಾರ್. ನಾನು ತಿಪಟೂರು ಕಡೆಯವನು, ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮ್ಯಾನ್, ಖಾಯಂ ನೌಕರ. ಎಂಟು ತಿಂಗಳ ಹಿಂದೆ ಹೆಂಡತಿ ಕಾಯಿಲೆಯಿಂದ ತೀರಿಕೊಂಡಳು. ಮಗಳಿಗೆ ಹತ್ತು, ಮಗನಿಗೆ ಐದು ತುಂಬುತ್ತಾ ಬಂತು. ಅಡುಗೆ ಹೇಗೋ ಕಲಿತೆ. ಮಗಳನ್ನು ತಮ್ಮ ಹತ್ತಿರ ಕಳಿಸು ಅಂತ ಅತ್ತೆ ಮನೆಯವರು ಕೇಳುತ್ತಿದ್ದಾರೆ. ‘ಹೆಣ್ಣು ಮಗು, ನಾಳೆ ದೊಡ್ಡವಳಾದರೆ ಗಂಡಸು ನೀನೇನು ಮಾಡ್ತೀಯ?’ ಅನ್ನುತ್ತಾರೆ. ಮಗನಿಗೆ ‘ಅಮ್ಮ ಊರಿಗೆ ಹೋಗಿದ್ದಾಳೆ’ ಅಂತ ಹೇಳಿಬಿಟ್ಟಿದ್ದೇವೆ. ಸಂಜೆ ಬಸ್ಸಿನ ಹಾರನ್ ಕೇಳಿದರೆ ಗೇಟಿಗೆ ಓಡುತ್ತಾನೆ. ಇನ್ನೊಂದು ಮದುವೆ ಆಗು ಅನ್ನುವ ಒತ್ತಾಯ ಬೇರೆ. ನಮ್ಮೂರಲ್ಲಿ ಹೆಂಗಸರಿಗೆ ಸ್ತ್ರೀಶಕ್ತಿ ಸಂಘ ಇದೆ, ಅಂಗನವಾಡಿಯಲ್ಲಿ ತಾಯಂದಿರ ಸಭೆ ನಡೆಯುತ್ತದೆ. ನನ್ನಂಥ ಅಪ್ಪಂದಿರಿಗೆ ಅಂಥದ್ದೇನಾದರೂ ಇದೆಯೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಪ್ರಶ್ನೆಗಳಿವೆ. ನಾನು ಬಸ್ಸಿನಿಂದ ಶುರುಮಾಡುತ್ತೇನೆ, ಏಕೆಂದರೆ ಅದು ಇವತ್ತು ಸಂಜೆಯೂ ಬರುತ್ತದೆ.

ಈ ಅಂಕಣ ಓದುವ ಹಲವರಿಗೆ ಗೊತ್ತಿದೆ, ನನ್ನ ಹೆಂಡತಿ 2002ರಲ್ಲಿ ಹೋದಳು. ಆಗ ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮೇಷ್ಟ್ರು. ದೊಡ್ಡ ಮಗಳಿಗೆ ಒಂಬತ್ತು, ಚಿಕ್ಕವಳಿಗೆ ನಾಲ್ಕು. ಚಿಕ್ಕವಳಿಗೆ ‘ಅಮ್ಮ ದೇವರ ಹತ್ತಿರ ಹೋಗಿದ್ದಾಳೆ’ ಅಂದೆ. ಸುಳ್ಳು ಹೇಳಿದೆ ಎಂದು ಆಗ ಅನ್ನಿಸಿರಲಿಲ್ಲ. ಮುಂದಿನ ಶನಿವಾರ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಪ್ರದಕ್ಷಿಣೆ ಹಾಕುವಾಗ ಗರ್ಭಗುಡಿಯ ಹಿಂಬದಿಗೆ ಬಂದವಳು ನಿಂತುಬಿಟ್ಟಳು. ಅಂಗೈಯಿಂದ ಗೋಡೆ ತಟ್ಟಿ ‘ಅಮ್ಮಾ, ನಾನು ಬಂದಿದೀನಿ’ ಎಂದಳು. ಉತ್ತರ ಬರಲಿಲ್ಲವಲ್ಲ, ಇನ್ನೊಂದು ಸಲ ತಟ್ಟಿದಳು. ಅವತ್ತು ರಾತ್ರಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಜ ಹೇಳಿದೆ.

ನೀವೂ ಹೇಳಿ. ಇದನ್ನು ಬೇರೆಯವರಿಗೆ ಬಿಡಬೇಡಿ. ‘ಅಮ್ಮನಿಗೆ ತುಂಬಾ ಕಾಯಿಲೆ ಆಗಿತ್ತು. ಡಾಕ್ಟರು ಪ್ರಯತ್ನ ಮಾಡಿದರು. ಅಮ್ಮ ಸತ್ತುಹೋದಳು. ಇನ್ನು ಬಸ್ಸಲ್ಲಿ ಬರಲ್ಲ. ನಾನು ಇದ್ದೀನಿ, ಅಕ್ಕ ಇದ್ದಾಳೆ.’ ಇಷ್ಟೇ ಸಾಕು. ‘ಮಲಗಿಬಿಟ್ಟಳು’ ಅನ್ನಬೇಡಿ, ಆಮೇಲೆ ನಿದ್ದೆಗೇ ಹೆದರುತ್ತಾನೆ. ಐದು ವರ್ಷದ ಮಗು ಈ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತದೆ. ಹತ್ತು ಸಲವೂ ಅದೇ ಮಾತು ಹೇಳಬೇಕು. ನಿಮಗೆ ಅಳು ಬಂದರೆ ಅವನ ಮುಂದೆಯೇ ಅಳಿ. ಅಮ್ಮನಿಗಾಗಿ ಅಳಬಹುದು ಎನ್ನುವುದು ಅವನಿಗೆ ಹಾಗೆಯೇ ಗೊತ್ತಾಗುವುದು. ರಾತ್ರಿ ಬೆಚ್ಚಿ ಏಳುವುದು, ಹಾಸಿಗೆ ಒದ್ದೆ ಮಾಡುವುದು ನಿಲ್ಲದಿದ್ದರೆ, ಅಥವಾ ನಿಮಗೇ ನಿದ್ದೆ ಬರದಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಹೆಸರು. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುತ್ತಾರೆ. ಎರಡು ಗಂಟೆ ಅಂತ ಸುಮ್ಮನೆ ಬರೆಯಲಿಲ್ಲ. ನನ್ನ ಕಷ್ಟದ ಹೊತ್ತು ಅದೇ ಆಗಿತ್ತು, ಆಗ ಇಂಥ ನಂಬರ್ ಇರಲಿಲ್ಲ.

ಇನ್ನು ಬೀರುವಿನಲ್ಲಿ ಮಕ್ಕಳ ತಾಯಿ ಕಾರ್ಡ್‌ಗಳನ್ನು ಹುಡುಕಿ ತೆಗೆಯಿರಿ. ಮಗನಿಗೆ ಐದು ತುಂಬಿದ ಮೇಲೆ ಡಿಪಿಟಿಯ ಎರಡನೇ ಬೂಸ್ಟರ್ ಇದೆ, ಆರು ತುಂಬುವುದರೊಳಗೆ ಹಾಕಿಸಬೇಕು. ಮಗಳಿಗೆ ಹತ್ತಕ್ಕೆ ಟಿಡಿ ಚುಚ್ಚುಮದ್ದು. ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಇಂಥವೆಲ್ಲ ನಿಮ್ಮ ಹೆಂಡತಿಯ ತಲೆಯಲ್ಲಿ ಇದ್ದವು, ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ನಮ್ಮ ಮನೆಯ ಚುಚ್ಚುಮದ್ದಿನ ಕಾರ್ಡಿನಲ್ಲಿ ಒಂದು ತಾರೀಖಿನ ಪಕ್ಕ ಅವಳು ಪೆನ್ಸಿಲಿನಲ್ಲಿ ಬರೆದಿದ್ದಳು: ‘ರಾತ್ರಿ ಜ್ವರ. ಬೆಳಿಗ್ಗೆ ಸರಿ.’ ಮುಂದಿನ ಸಲ ಚಿಕ್ಕವಳಿಗೆ ಚುಚ್ಚಿಸಿಕೊಂಡು ಬಂದ ರಾತ್ರಿ ಮೈ ಬಿಸಿಯಾದಾಗ ಆ ನಾಲ್ಕು ಪದ ಓದಿಯೇ ನಾನು ಗಾಬರಿಯಾಗದೆ ಕೂತಿದ್ದು. ಬೆಳಿಗ್ಗೆ ಅದರ ಕೆಳಗೆ ನಾನೂ ಬರೆದೆ. ಆರೋಗ್ಯ ಕೇಂದ್ರದ ಸಾಲಿನಲ್ಲಿ ‘ತಾಯಿ ಬರಲಿಲ್ವಾ?’ ಅಂತ ಯಾರಾದರೂ ಕೇಳುತ್ತಾರೆ. ‘ಇಲ್ಲ, ನಾನೇ ನೋಡಿಕೊಳ್ಳೋದು’ ಅನ್ನಿ. ಎರಡನೇ ಸಲ ಹೇಳುವಾಗ ಗಂಟಲು ಅಷ್ಟು ಹಿಡಿಯುವುದಿಲ್ಲ.

ಮಗಳ ವಿಷಯ. ದಯವಿಟ್ಟು ಅವಳನ್ನು ಕಳಿಸಬೇಡಿ. ಅಮ್ಮ ಹೋಗಿ ಎಂಟೇ ತಿಂಗಳು, ಈಗ ತಮ್ಮನನ್ನೂ ಮನೆಯನ್ನೂ ಶಾಲೆಯನ್ನೂ ಬಿಡಿಸಿದರೆ ಆ ಮಗುವಿಗೆ ಉಳಿಯುವುದೇನು? 1956ರ ಹಿಂದೂ ಪಾಲಕತ್ವ ಕಾಯ್ದೆಯ ಪ್ರಕಾರ ನೀವೇ ಅವಳ ಸ್ವಾಭಾವಿಕ ಪಾಲಕರು. ತಾಯಿ ತೀರಿಕೊಂಡ ಮಗುವನ್ನು ತಾಯಿಯ ಒಡಹುಟ್ಟಿದವರು ಇಟ್ಟುಕೊಂಡಿದ್ದ ಒಂದು ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಮಗುವನ್ನು ತಂದೆಗೇ ಒಪ್ಪಿಸಿದೆ. ನಿಮ್ಮ ಧೈರ್ಯಕ್ಕೆಂದು ಇದನ್ನು ತಿಳಿಸಿದೆ. ಅತ್ತೆಯ ಮುಂದೆ ಕೋರ್ಟು ಕಾಯ್ದೆ ಎಂದು ಬಾಯಿ ಬಿಡಬೇಡಿ. ಅವರು ಮಗಳನ್ನು ಕಳೆದುಕೊಂಡವರು, ಮೊಮ್ಮಗಳಲ್ಲಿ ಅವಳನ್ನೇ ಹುಡುಕುತ್ತಿದ್ದಾರೆ. ‘ಅತ್ತೆ, ದಸರಾ ರಜೆಗೆ, ಬೇಸಿಗೆ ರಜೆಗೆ ಇಬ್ಬರನ್ನೂ ಕಳಿಸ್ತೀನಿ. ತಿಂಗಳಿಗೊಮ್ಮೆ ನೀವೇ ಬಂದು ನಾಲ್ಕು ದಿನ ಇರಿ’ ಎಂದು ಕರೆಯಿರಿ.

ದೊಡ್ಡವಳಾದರೆ ಏನು ಮಾಡುತ್ತೀರಿ? ಅದಕ್ಕೆ ಮುಂಚೆಯೇ ಹೇಳುತ್ತೀರಿ. ನನ್ನ ಮಗಳಿಗೆ ಹನ್ನೊಂದಾದಾಗ ಒಂದು ಪ್ಯಾಕೆಟ್ ತಂದೆ. ಅಂಗಡಿಯವನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿಕೊಟ್ಟ. ಮನೆಯಲ್ಲಿ ಮೇಜಿನ ಮೇಲೆ ಒಂದು ಹೊಸ ಒಳಉಡುಪು ಹಾಸಿ, ಹಿಂದಿನ ಅಂಟಿನ ಕಾಗದ ಕಿತ್ತು, ಹೇಗೆ ಅಂಟಿಸುವುದು, ಬಳಸಿದ್ದನ್ನು ಹೇಗೆ ಸುತ್ತಿ ಬಿಸಾಡುವುದು ಎಂದು ತೋರಿಸಿದೆ. ನನ್ನ ಕೈ ನಡುಗುತ್ತಿತ್ತು. ಅವಳು ನೆಲ ನೋಡುತ್ತಲೇ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: ‘ಸ್ಕೂಲಲ್ಲಿ ಆದ್ರೆ?’ ಸ್ಕೂಲ್ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಎರಡು ಪ್ಯಾಡ್ ಇಟ್ಟೆವು. ಮೂರು ತಿಂಗಳಾದ ಮೇಲೆ ಒಂದು ಸಂಜೆ ಬಂದು ‘ಅಪ್ಪಾ, ಬ್ಯಾಗಿನದು ಖಾಲಿ’ ಎಂದಳು. ಅಷ್ಟೇ ನಡೆದದ್ದು. ನೀವು ಹೇಳಿದ ಮೇಲೆ ನಿಮ್ಮ ತಂಗಿಯೋ ಅತ್ತೆಯೋ ಇನ್ನೊಮ್ಮೆ ಮಾತನಾಡಲಿ. ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ನಿಮಗೆ ಮಕ್ಕಳ ಆರೈಕೆ ರಜೆ ಇದೆ, ಅದೇ ಸಿಸಿಎಲ್. ಮಹಿಳೆಯರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹೆಂಡತಿಯನ್ನು ಕಳೆದುಕೊಂಡ, ವಿಚ್ಛೇದನವಾದ ಅಥವಾ ಮದುವೆಯಾಗದ ಒಂಟಿ ಪುರುಷ ನೌಕರರಿಗೂ ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಇದನ್ನು ವಿಸ್ತರಿಸಿತು. ಇಡೀ ಸೇವೆಯಲ್ಲಿ 730 ದಿನ, ಮಗುವಿಗೆ 18 ತುಂಬುವವರೆಗೆ. ಮೊದಲ 365 ದಿನ ಪೂರ್ತಿ ಸಂಬಳ, ಉಳಿದ 365 ದಿನಕ್ಕೆ ಶೇ. 80. ಒಂದು ಸಲಕ್ಕೆ ಐದು ದಿನಕ್ಕಿಂತ ಕಡಿಮೆ ಕೊಡುವುದಿಲ್ಲ. ನಿಮ್ಮ ಗಳಿಕೆ ರಜೆಯಿಂದ ಕಳೆಯುವುದೂ ಇಲ್ಲ. ಮಂಜೂರಾತಿ ಬೇಕೇ ಬೇಕು, ಆದ್ದರಿಂದ ಪರೀಕ್ಷೆಯ ದಿನಗಳನ್ನು ನೋಡಿಕೊಂಡು ಮೊದಲೇ ಅರ್ಜಿ ಕೊಡಿ.

ಈಗ ಸಂಘದ ಪ್ರಶ್ನೆ. ಸ್ತ್ರೀಶಕ್ತಿ ಸಂಘಗಳು ಶುರುವಾಗಿದ್ದು 2000ದ ಹೊತ್ತಿಗೆ. ವಾರಕ್ಕೊಮ್ಮೆ ಕೂತು ಹತ್ತಿಪ್ಪತ್ತು ರೂಪಾಯಿ ಕಟ್ಟುವ ನೆಪದಲ್ಲಿ ಹೆಂಗಸರು ಮನೆಯ ಕಷ್ಟವನ್ನೂ ಹಂಚಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಗಂಡಸರಿಗೆ ಕೂರಲು ಅರಳಿಕಟ್ಟೆ ಇದೆ, ಟೀ ಅಂಗಡಿ ಇದೆ, ಆದರೆ ಮಗನಿಗೆ ಮೂರು ದಿನದಿಂದ ಹೊಟ್ಟೆ ಸರಿಯಿಲ್ಲ ಎಂಬ ಮಾತು ಅಲ್ಲಿ ಬರುವುದಿಲ್ಲ. ನಿಮ್ಮೂರಿನಲ್ಲಿ ಅಪ್ಪಂದಿರದೊಂದು ಗುಂಪು ಆಗಬೇಕಾದರೆ ನೀವೇ ಮಾಡಬೇಕು. ಕಾಗದ ಹಂಚುತ್ತಾ ಮನೆಮನೆ ಹತ್ತಿ ಇಳಿಯುವವರಿಗೆ ಯಾವ ಮನೆಯಲ್ಲಿ ಅಪ್ಪ ಒಬ್ಬನೇ ಇದ್ದಾನೆ ಎಂದು ನಾನು ಹೇಳಬೇಕಾಗಿಲ್ಲ.

ನಾವು ನಾಲ್ಕು ಜನ ಇದ್ದೆವು: ನಾನು, ಒಬ್ಬ ಟೈಲರ್, ಒಬ್ಬ ಬಸ್ ಕಂಡಕ್ಟರ್, ಒಬ್ಬ ಮೆಡಿಕಲ್ ಶಾಪಿನವರು. ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಕೂರುತ್ತಿದ್ದೆವು, ಮಕ್ಕಳು ಮೈದಾನದಲ್ಲಿ ಆಡಿಕೊಂಡಿರುತ್ತಿದ್ದವು. ಮೊದಲ ಮೂರು ವಾರ ಮಾತೆಲ್ಲ ಫೀಸು, ಟ್ಯೂಷನ್ನು, ಹೇನಿನ ಔಷಧಿ. ಕಂಡಕ್ಟರಿಗೆ ನೈಟ್ ಹಾಲ್ಟ್ ಬಿದ್ದ ದಿನ ಅವರ ಮಗ ನಮ್ಮಲ್ಲಿ ಮಲಗುತ್ತಿದ್ದ. ನನ್ನ ಮಕ್ಕಳ ಲಂಗ ಉದ್ದ ಬಿಡಿಸುವುದು ಟೈಲರ್ ಕೆಲಸ. ನಾಲ್ಕನೇ ವಾರ ಆ ಟೈಲರ್ ಇದ್ದಕ್ಕಿದ್ದಂತೆ, ಹೆಂಡತಿ ಹೊಲಿದುಕೊಡು ಅಂತ ಕೊಟ್ಟಿದ್ದ ಹಸಿರು ಬ್ಲೌಸ್ ಪೀಸು ಇನ್ನೂ ಮಿಷನ್ನಿನ ಡ್ರಾಯರಿನಲ್ಲೇ ಇದೆ, ಕತ್ತರಿಸಲೂ ಆಗುತ್ತಿಲ್ಲ, ಎತ್ತಿಡಲೂ ಆಗುತ್ತಿಲ್ಲ ಎಂದರು. ಯಾರೂ ಸಮಾಧಾನ ಹೇಳಲಿಲ್ಲ. ಕಂಡಕ್ಟರ್ ಸ್ವಲ್ಪ ಸರಿದು ಅವರ ಪಕ್ಕ ಕೂತರು. ಹನ್ನೊಂದು ವರ್ಷ ಆ ಜಗಲಿ ನಮ್ಮನ್ನು ಹಿಡಿದಿಟ್ಟಿತು. ಇಬ್ಬರು ಸಿಕ್ಕರೆ ಸಾಕು, ಈ ಭಾನುವಾರವೇ ಕೂರಿ.

ಮದುವೆಯ ಬಗ್ಗೆ ಒಂದೇ ಮಾತು. ಒಬ್ಬಳು ಹೆಣ್ಣುಮಗಳ ಜೊತೆ ಬಾಳಬೇಕು ಅಂತ ನಿಮಗೇ ಅನ್ನಿಸಿದ ದಿನ ಮಾಡಿಕೊಳ್ಳಿ. ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು ಅಂತ ಮದುವೆಯಾದರೆ ಬರುವವಳಿಗೆ ಅನ್ಯಾಯ.

ಪ್ರಶ್ನೆ: ದಾವಣಗೆರೆಯಲ್ಲಿ ಹಮಾಲಿ ಕೆಲಸ ಮಾಡುತ್ತೇನೆ. ಹೆಂಡತಿ ಬಿಟ್ಟುಹೋಗಿ ವರ್ಷವಾಯಿತು. ಮೂರೂವರೆ ವರ್ಷದ ಮಗಳನ್ನು ಕೆಲಸಕ್ಕೆ ಕರೆದುಕೊಂಡು ಹೋಗಿ ಚೀಲದ ಮೇಲೆ ಮಲಗಿಸುತ್ತೇನೆ. ಹಾಸ್ಟೆಲಿಗೆ ಸೇರಿಸು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಣ್ಣಾ, ಮಗಳನ್ನು ದೂರ ಮಾಡಬೇಡಿ. ಮೂರು ತುಂಬಿದ ಮಗುವಿಗೆ ಅಂಗನವಾಡಿಯಲ್ಲಿ ಜಾಗ ಇದೆ, ಊಟವೂ ಅಲ್ಲೇ. ಸಂಜೆಯ ಹೊತ್ತಿಗೆ ನಿಮ್ಮ ಓಣಿಯಲ್ಲೇ ನಂಬಿಕೆಯ ಒಬ್ಬ ಅಜ್ಜಿಯನ್ನು ಹುಡುಕಿ, ತಿಂಗಳಿಗೆ ಇಷ್ಟು ಅಂತ ದುಡ್ಡು ಮಾತಾಡಿ ಕೊಡಿ, ಪುಕ್ಕಟೆ ಬೇಡ.

ಹಣದ ಸಹಾಯಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ‘ಪ್ರಾಯೋಜಕತ್ವ’ಕ್ಕೆ ಅರ್ಜಿ ಹಾಕಿ. ಮಿಷನ್ ವಾತ್ಸಲ್ಯ ಎನ್ನುವ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ಮೀರಿರಬಾರದು. ಆ ನಿಯಮದಲ್ಲಿ ವಿಧವೆಯಾದ, ಗಂಡ ಬಿಟ್ಟ ತಾಯಿಯ ಮಾತಿದೆ. ಹೆಂಡತಿ ಬಿಟ್ಟುಹೋದ ತಂದೆಯ ಮಾತಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ತಿದ್ದಬೇಕಾದ ನಿಯಮ ಇದು. ಆದರೂ ಅರ್ಜಿ ಕೊಡಿ. ಆರೈಕೆ, ರಕ್ಷಣೆ ಬೇಕಾದ ಮಕ್ಕಳಿಗೂ ಅದರಲ್ಲಿ ಜಾಗ ಇದೆ, ಮಗಳು ಚೀಲದ ಮೇಲೆ ಮಲಗುವುದನ್ನು ಅರ್ಜಿಯಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ, ದಿನವಿಡೀ ಇರುತ್ತದೆ. ಮಗುವಿನ ಜನನ ಪ್ರಮಾಣ ಪತ್ರ, ಇಬ್ಬರ ಆಧಾರ್, ರೇಷನ್ ಕಾರ್ಡ್ ಒಂದು ಕವರಿನಲ್ಲಿ ಹಾಕಿಟ್ಟುಕೊಳ್ಳಿ. ಸೋಮವಾರ ಅಂಗನವಾಡಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಮೊದಲ ದಿನ ಒಂದು ಗಂಟೆ ಬಾಗಿಲಲ್ಲಿ ಅವಳಿಗೆ ಕಾಣುವ ಹಾಗೆ ಕೂತಿರಿ.