ಬೇಸ್ ಗಿಟಾರಿನ ಎರಡು ಪಿಕಪ್‌ಗಳ ಸದ್ದು ಸಮವಾಗಬೇಕಾದರೆ

ಪ್ರಶ್ನೆ: ನಾನು ರಾಜ್ಯೋತ್ಸವ, ಗಣೇಶೋತ್ಸವಗಳ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನದು ಜಾಝ್ ಬೇಸ್ ಮಾದರಿಯ ನಾಲ್ಕು ತಂತಿಗಳ ವಾದ್ಯ. ನೆಕ್ (ಬೆರಳೊತ್ತುವ ಉದ್ದನೆಯ ಭಾಗ) ಕಡೆಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಗಟ್ಟಿಯಾಗಿ ಕೇಳಿದರೆ ಬ್ರಿಜ್ ಕಡೆಯದು ತೀರಾ ಸಣ್ಣಗೆ ಕೇಳುತ್ತದೆ. ನೆಕ್ ಪಿಕಪ್‌ನ ವಾಲ್ಯೂಮ್ ತಗ್ಗಿಸಿ ಸರಿದೂಗಿಸಲು ಹೋದರೆ ಗುಂಯ್‌ಗುಡುವ ಸದ್ದು ಶುರುವಾಗುತ್ತದೆ. ಬ್ರಿಜ್ ಪಿಕಪ್ ಕೆಟ್ಟಿದೆಯೇ, ಬದಲಾಯಿಸಬೇಕೇ?
– ಓದುಗರು, ದಾವಣಗೆರೆ

ಉತ್ತರ: ಪಿಕಪ್ ಬದಲಾಯಿಸಲು ದಯವಿಟ್ಟು ಈಗಲೇ ಹಣ ಸುರಿಯಬೇಡಿ, ನೀವು ವಿವರಿಸಿರುವ ಲಕ್ಷಣಗಳು ಕೆಟ್ಟ ಪಿಕಪ್‌ನವಲ್ಲ. ತಂತಿಯ ಒಂದು ತುದಿ ಬ್ರಿಜ್‌ನಲ್ಲಿ ಬಿಗಿದುಕೊಂಡಿರುವುದರಿಂದ ಅದರ ಸಮೀಪದಲ್ಲಿ ತಂತಿಯ ಓಲಾಟ ಬಹಳ ಕಡಿಮೆ, ನೆಕ್‌ನತ್ತ ಸರಿದಂತೆಲ್ಲ ಹೆಚ್ಚು. ಎರಡೂ ಪಿಕಪ್‌ಗಳು ತಂತಿಯಿಂದ ಒಂದೇ ದೂರದಲ್ಲಿದ್ದರೆ ಬ್ರಿಜ್ ಕಡೆಯದು ಸಣ್ಣಗೆ ಕೇಳುವುದು ಸಹಜ.

ಇದನ್ನು ನಾಬ್‌ನಿಂದಲ್ಲ, ಪಿಕಪ್‌ನ ಎತ್ತರದಿಂದ ಸರಿಪಡಿಸಬೇಕು. ಏಕೆಂದರೆ ಈ ಮಾದರಿಯ ಎರಡು ಪಿಕಪ್‌ಗಳ ತಾಮ್ರದ ಸುರುಳಿಗಳನ್ನು ಸಾಮಾನ್ಯವಾಗಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಿ, ಅಯಸ್ಕಾಂತಗಳನ್ನೂ ತಿರುವುಮುರುವಾಗಿ ಕೂರಿಸಿರುತ್ತಾರೆ. ವೇದಿಕೆಯ ದೀಪಗಳಿಂದಲೂ ವಿದ್ಯುತ್ ತಂತಿಗಳಿಂದಲೂ ನುಸುಳುವ 50 ಹರ್ಟ್ಸ್ ಗುಂಯ್‌ಕಾರವನ್ನು ಎರಡೂ ಸಮನಾಗಿ ಹಿಡಿದಾಗ ಅದು ಪರಸ್ಪರ ವಜಾ ಆಗಿಬಿಡುತ್ತದೆ. ಒಂದು ನಾಬ್ ತಗ್ಗಿಸಿದೊಡನೆ ಆ ಸಮತೋಲ ಕೆಡುತ್ತದೆ. ಪಿಕಪ್‌ನ ಎತ್ತರ ಬದಲಾದರೆ ತಂತಿಯ ಸದ್ದು ಮಾತ್ರ ಹೆಚ್ಚುಕಡಿಮೆಯಾಗುತ್ತದೆಯೇ ಹೊರತು ಗುಂಯ್‌ಕಾರದ ಪ್ರಮಾಣವಲ್ಲ.

ಹಳೆಯ ತಂತಿಗಳಿದ್ದರೆ ಮೊದಲು ಬದಲಾಯಿಸಿ, ಆಂಪ್ಲಿಫೈಯರ್‌ನ ಬಾಸ್, ಟ್ರೆಬಲ್‌ಗಳನ್ನು ನಡುವೆ ನಿಲ್ಲಿಸಿ, ವಾದ್ಯದ ಮೂರೂ ನಾಬ್‌ಗಳನ್ನು ಪೂರ್ತಿ ತೆರೆಯಿರಿ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಪಟ್ಟಿ) ಒತ್ತಿ ಹಿಡಿದು, ಅದರ ಕೆಳಭಾಗಕ್ಕೂ ಪಿಕಪ್‌ನ ಮೇಲ್ಮೈಯಲ್ಲಿ ಕಾಣುವ ಅಯಸ್ಕಾಂತದ ಕಂಬಗಳ ತಲೆಗೂ ಇರುವ ಅಂತರವನ್ನು ಉಕ್ಕಿನ ಸ್ಕೇಲಿನಿಂದ ಅಳೆಯಿರಿ. ದಪ್ಪ ಇ ತಂತಿಯ ಕಡೆ ಸುಮಾರು 3 ಮಿಲಿಮೀಟರ್, ತೆಳುವಾದ ಜಿ ತಂತಿಯ ಕಡೆ ಅದಕ್ಕಿಂತ ತುಸು ಕಡಿಮೆ ಇರುವುದು ಒಳ್ಳೆಯ ಆರಂಭ. ಹೆಚ್ಚಿನವರು ಇಲ್ಲಿ ಬ್ರಿಜ್ ಪಿಕಪ್ ಅನ್ನು ಮೇಲೆತ್ತಲು ಧಾವಿಸುತ್ತಾರೆ. ನನ್ನ ಸಲಹೆ ಅದಕ್ಕೆ ವಿರುದ್ಧ: ಮೊದಲು ನೆಕ್ ಪಿಕಪ್ ಅನ್ನು ಕೆಳಗಿಳಿಸಿ. ಸ್ಕ್ರೂ ಬಿಗಿಸಿದರೆ ಪಿಕಪ್ ಇಳಿಯುತ್ತದೆ, ಸಡಿಲಿಸಿದರೆ ಏರುತ್ತದೆ. ಪ್ರತಿ ಬಾರಿ ಅರ್ಧ ಸುತ್ತು ಮಾತ್ರ ತಿರುಗಿಸಿ, ಒಂದೇ ಸ್ವರವನ್ನು ಒಂದೇ ಬಲದಲ್ಲಿ ಎರಡೂ ಪಿಕಪ್‌ಗಳಲ್ಲಿ ನುಡಿಸಿ ಹೋಲಿಸಿ. ಅಯಸ್ಕಾಂತ ತಂತಿಗೆ ಅತಿ ಸಮೀಪ ಬಂದರೆ ಅದು ತಂತಿಯನ್ನು ಎಳೆಯತೊಡಗುತ್ತದೆ. ಆಗ ಇ ತಂತಿಯ 12ನೇ ಫ್ರೆಟ್‌ನಿಂದ ಮೇಲಿನ ಸ್ವರಗಳು ಅಲುಗಾಡುತ್ತವೆ, ಶ್ರುತಿ ಎಷ್ಟು ತಿದ್ದಿದರೂ ನಿಲ್ಲುವುದಿಲ್ಲ.

ಸ್ಕ್ರೂ ಸಡಿಲಿಸಿದರೂ ಪಿಕಪ್ ಮೇಲೇಳದಿದ್ದರೆ ಅಡಿಯಲ್ಲಿರುವ ಸ್ಪಂಜು ಚಪ್ಪಟೆಯಾಗಿದೆ ಎಂದರ್ಥ. ಹೊಸ ಸ್ಪಂಜಿನ ತುಂಡು ಕತ್ತರಿಸಿ ಇಟ್ಟರೆ ಸಾಕು. ಪಿಕಪ್ ಅನ್ನು ಕವಚ ಹಿಡಿದು ಎಳೆಯಬೇಡಿ, ಒಳಗಿನ ತಾಮ್ರದ ಎಳೆಗಳು ಬಹಳ ಸೂಕ್ಷ್ಮ.

ಮೊಬೈಲಿನ ಮೀಟರ್‌ನಲ್ಲಿ ಎರಡೂ ಒಂದೇ ಅಂಕಿ ತೋರಿಸಬೇಕೆಂಬ ಹಟ ಬೇಡ. ಬ್ರಿಜ್ ಪಿಕಪ್‌ನಲ್ಲಿ ಕೆಳಸ್ವರದ ತೂಕ ಕಡಿಮೆಯಾದ್ದರಿಂದ ಮೀಟರ್ ಅದನ್ನು ಕಡಿಮೆಯೆಂದೇ ತೋರಿಸಬಹುದು. ಆದರೆ ಡ್ರಮ್ಸ್, ಕೀಬೋರ್ಡ್‌ಗಳ ನಡುವೆ ಸ್ವರವನ್ನು ಬಿಡಿಸಿ ಕೇಳಿಸುವುದು ಅದೇ. ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅವರ ಹೆಸರಾದ ನಾದ ಬಹುಪಾಲು ಬ್ರಿಜ್ ಪಿಕಪ್‌ನಿಂದಲೇ ಬಂದದ್ದು. ಹೀಗಾಗಿ ಅಂತಿಮ ತೀರ್ಮಾನವನ್ನು ತಂಡದ ಅಭ್ಯಾಸದಲ್ಲಿ, ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿ ಕೈಗೊಳ್ಳಿ.

ಪ್ರಶ್ನೆ: ನನ್ನ ಬೇಸ್‌ನಲ್ಲಿ ನೆಕ್ ಕಡೆ ಪ್ರಿಸಿಷನ್ ಮಾದರಿಯ, ಬ್ರಿಜ್ ಕಡೆ ಜಾಝ್ ಮಾದರಿಯ ಪಿಕಪ್ ಇದೆ. ಎರಡನ್ನೂ ಪೂರ್ತಿ ತೆರೆದರೂ ಗುಂಯ್‌ಕಾರ ಹೋಗುವುದಿಲ್ಲ, ಏಕೆ?
– ಓದುಗರು, ಮೈಸೂರು

ಉತ್ತರ: 1957ರಿಂದ ಬಂದ ಪ್ರಿಸಿಷನ್ ಪಿಕಪ್‌ನ ಎರಡು ತುಂಡುಗಳು ತಮ್ಮ ಗುಂಯ್‌ಕಾರವನ್ನು ತಾವೇ ವಜಾ ಮಾಡಿಕೊಳ್ಳುತ್ತವೆ. ಜಾಝ್ ಪಿಕಪ್‌ಗೆ ಇಲ್ಲಿ ಜೊತೆಗಾರನಿಲ್ಲ. ಎತ್ತರವನ್ನು ಎಷ್ಟು ಹೊಂದಿಸಿದರೂ ಅದರ ಗುಂಯ್‌ಕಾರ ಉಳಿಯುತ್ತದೆ. ಸಮತೋಲಕ್ಕಾಗಿ ಪ್ರಿಸಿಷನ್ ಪಿಕಪ್ ಅನ್ನು ಇಳಿಸಿ. ಗುಂಯ್‌ಕಾರ ಸಹಿಸಲಾಗದಿದ್ದರೆ, ಒಂದೇ ಕವಚದೊಳಗೆ ಎರಡು ಸುರುಳಿಗಳಿರುವ ಜಾಝ್ ಪಿಕಪ್‌ಗಳು ಅದೇ ಅಳತೆಯಲ್ಲಿ ಸಿಗುತ್ತವೆ. ಮೊದಲ ಪ್ರಶ್ನೆಯ ವಾದ್ಯದಂತಲ್ಲದೆ, ಬದಲಾಯಿಸುವ ಖರ್ಚಿಗೆ ಅರ್ಥವಿರುವುದು ನಿಮ್ಮ ವಾದ್ಯದಲ್ಲಿ.