ಉತ್ತರ: ಆಟ ಆಡದವರಿಗೂ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಬೇಕೇ?

ಚನ್ನಗಿರಿ ಕಡೆಯ ಸದಸ್ಯರು ಕೇಳಿದ್ದಾರೆ: "ಮೊಬೈಲಿನ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ದೋಷವಿದೆ, ಅಪ್‌ಡೇಟ್ ಹಾಕಿ ಎನ್ನುತ್ತಾರೆ. ಅಡಿಕೆ ಧಾರಣೆ ನೋಡುವುದು, ಯುಪಿಐ ಮಾಡುವುದು ಬಿಟ್ಟರೆ ನಾನು ಆಟ ಆಡುವವನೇ ಅಲ್ಲ. ನನಗೇಕೆ ಇದು?"

ಆಟಕ್ಕೂ ಇದಕ್ಕೂ ಸಂಬಂಧವಿಲ್ಲ ಸ್ವಾಮಿ. ನೀವು ನೋಡುವ ಧಾರಣೆ ಪಟ್ಟಿಯನ್ನು ಪರದೆಯ ಮೇಲೆ ಮೂಡಿಸುವುದೂ ಗ್ರಾಫಿಕ್ಸ್ ಚಿಪ್ಪೇ. ಕ್ಯಾಮೆರಾಕ್ಕೆ, ಸಂಪರ್ಕ ಪಟ್ಟಿಗೆ ಆ್ಯಪ್‌ಗಳು ನಿಮ್ಮ ಅನುಮತಿ ಕೇಳುತ್ತವೆ. ಆದರೆ ಗ್ರಾಫಿಕ್ಸ್ ಡ್ರೈವರ್‌ಗೆ, ಅಂದರೆ ಆ ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೆ, ಕೆಲಸ ಹೇಳಲು ಅವು ಯಾರನ್ನೂ ಕೇಳಬೇಕಿಲ್ಲ. ಆ ಡ್ರೈವರ್‌ನ ಒಂದು ಮುಖ್ಯ ಭಾಗ ಇರುವುದೋ ಕರ್ನಲ್‌ನೊಳಗೆ, ಇಡೀ ಮೊಬೈಲಿನ ಯಜಮಾನಿಕೆ ನಡೆಯುವ ಜಾಗದಲ್ಲಿ. ಅಲ್ಲಿ ತಪ್ಪಿದರೆ ಒಂದು ಆ್ಯಪ್‌ನ ಮಾಹಿತಿಯನ್ನು ಇನ್ನೊಂದು ಮುಟ್ಟಬಾರದೆಂಬ ಕಟ್ಟಳೆಯೇ ಮುರಿದುಬೀಳುತ್ತದೆ.

ತಪ್ಪುವುದು ಹೇಗೆ? ದಾವಣಗೆರೆ ಎಪಿಎಂಸಿಯ ಒಂದು ಗೋದಾಮಿನಲ್ಲಿ ಯಾರೋ ಮೆಕ್ಕೆಜೋಳದ ಚೀಲ ಎತ್ತಿಕೊಂಡು ಜಾಗ ಖಾಲಿ ಮಾಡಿದರು, ಅವರ ಚೀಟಿ ಮಾತ್ರ ರದ್ದಾಗಲಿಲ್ಲ ಎಂದುಕೊಳ್ಳಿ. ಅದೇ ಜಾಗಕ್ಕೆ ನಿಮ್ಮ ಚೀಲ ಬಂತು. ಹಳೆಯ ಚೀಟಿ ತೋರಿಸಿದವರು ನಿಮ್ಮ ಮಾಲನ್ನೇ ಹೊತ್ತೊಯ್ಯಬಹುದು, ಬೇಕಾದರೆ ಚೀಲ ಬದಲಿಸಿಯೂ ಇಡಬಹುದು. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸುವ ದೋಷ ಇದೇ. 2023ರ ಅಕ್ಟೋಬರ್‌ನಲ್ಲಿ ಚಿಪ್ ವಿನ್ಯಾಸ ಮಾಡುವ ಆರ್ಮ್ ಕಂಪನಿ ತನ್ನ ಮಾಲಿ ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ಬಗ್ಗೆ ಪ್ರಕಟಿಸಿದ, ಸಿವಿಇ-2023-4211 ಎಂಬ ಗುರುತು ಸಂಖ್ಯೆಯ ದೋಷ ಈ ಜಾತಿಯದು. ಅದನ್ನು ಆಯ್ದ ಕೆಲವರ ಮೇಲೆ ಪ್ರಯೋಗಿಸುತ್ತಿರುವ ಸೂಚನೆಯೂ ಆಗಲೇ ಇತ್ತು. ಇನ್ನೊಂದು ಚಿಪ್ ಕಂಪನಿಯಾದ ಕ್ವಾಲ್ಕಾಮ್‌ನವರೂ 2025ರ ಜೂನ್‌ನಲ್ಲಿ ತಮ್ಮ ಅಡ್ರಿನೊ ಗ್ರಾಫಿಕ್ಸ್ ಚಿಪ್‌ನ ಮೆಮೊರಿ ದೋಷಗಳಿಗೆ ತೇಪೆಗಳನ್ನು (ಪ್ಯಾಚ್, ಅಂದರೆ ದೋಷ ಸರಿಪಡಿಸುವ ತಿದ್ದುಪಡಿ) ಪ್ರಕಟಿಸಬೇಕಾಯಿತು.

ನನಗೆ ಸಿಟ್ಟು ಬರುವುದು ಆ ತೇಪೆಯನ್ನು ನಿಮ್ಮ ಮೊಬೈಲಿಗೆ ತಲುಪಿಸಬೇಕಾದ ಮೊಬೈಲ್ ಕಂಪನಿಗಳ ಮೇಲೆ. 2022ರ ಆಗಸ್ಟ್ ವೇಳೆಗೇ ಆರ್ಮ್ ಕೆಲವು ಮಾಲಿ ದೋಷಗಳನ್ನು ಸರಿಪಡಿಸಿ ಕೊಟ್ಟಿತ್ತು. ನವೆಂಬರ್‌ನಲ್ಲಿ ಇಂಥ ದೋಷಗಳನ್ನು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ನೋಡಿದರೆ, ಗೂಗಲ್‌ನದೇ ಪಿಕ್ಸೆಲ್ ಸೇರಿದಂತೆ ಹಲವು ಮೊಬೈಲ್‌ಗಳಿಗೆ ಅದು ತಲುಪಿಯೇ ಇರಲಿಲ್ಲ!

ಈಗ ನೀವು ಮಾಡಬೇಕಾದದ್ದು. ಸೆಟ್ಟಿಂಗ್ಸ್‌ನಲ್ಲಿ ಮೊಬೈಲಿನ ವಿವರ ತೆರೆದು ಆಂಡ್ರಾಯ್ಡ್ ಸೆಕ್ಯುರಿಟಿ ಪ್ಯಾಚ್‌ನ ದಿನಾಂಕ ನೋಡಿ. ತಿಂಗಳು, ವರ್ಷದ ಜೊತೆಗೆ ತಾರೀಖನ್ನೂ ನೋಡಿ: 5 ಎಂದಿದ್ದರೆ ಕರ್ನಲ್ ಮತ್ತು ಚಿಪ್ ಕಂಪನಿಗಳ ತೇಪೆಗಳೂ ಸೇರಿವೆ ಎಂದರ್ಥ. 1 ಎಂದಿದ್ದರೆ ಆ ತಿಂಗಳ ಡ್ರೈವರ್ ತೇಪೆಗೆ ಖಾತರಿಯಿಲ್ಲ. ಅಪ್‌ಡೇಟ್ ನಿಂತು ವರ್ಷಗಳೇ ಆಗಿದ್ದರೆ ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳನ್ನು ಆ ಮೊಬೈಲಿನಿಂದ ತೆಗೆಯಿರಿ, ಬ್ಯಾಂಕಿಗೆ ಜೋಡಿಸಿದ ಸಿಮ್ಮನ್ನೂ ಸಹ. ಹವಾಮಾನ ನೋಡಲು, ಹಾಡು ಕೇಳಲು ಅದು ಇರಲಿ.

ಇನ್ನೊಂದು ಮಾತು. ಇಂಥ ದೋಷವನ್ನು ಬಳಸಿಕೊಳ್ಳಲು ಬಹುತೇಕ ಸಲ ಕಳ್ಳ ಮೊದಲು ಒಂದು ಆ್ಯಪ್ ಆಗಿ ನಿಮ್ಮ ಮೊಬೈಲಿನೊಳಗೆ ಬರಬೇಕು. ಪಿಎಂ ಕಿಸಾನ್ ಹೆಸರಿನ ಎಪಿಕೆ (ಆ್ಯಪ್ ಹಾಕುವ) ಕಡತ ಈ ಗುಂಪಿಗೇ ಬಂದರೂ, ಪರಿಚಯದವರೇ ಕಳಿಸಿದರೂ ಒತ್ತಬೇಡಿ.

ಮೊಬೈಲಿನ ಮಾದರಿ ಮತ್ತು ಆ ದಿನಾಂಕವನ್ನು ಇಲ್ಲೇ ಬರೆಯಿರಿ. ಇನ್ನೂ ಅಪ್‌ಡೇಟ್ ಬರುವ ಮಾದರಿಯೇ ಎಂದು ನೋಡಿ ಹೇಳುತ್ತೇನೆ.